ಕಾಲು ನೋಡಿಕೋ

ಆಗಸ್ಟ್ 8, ಗುರುವಾರ
ಹೆಣ್ಣುಮಕ್ಕಳ ಹಾಸ್ಟೆಲ್, ರೂಮ್ 31

ಕೆಂಪಣ್ಣನವರಿಗೆ,

ಮೊದಲು ಸಾರಿ. ಗುರುತು ಪರಿಚಯ ಇಲ್ಲದವರಿಗೆ ಹೀಗೆ ಏಕಾಏಕಿ ಕಾಗದ ಬರೆಯಬಾರದು ಎಂದು ಗೊತ್ತು. ನಾಲ್ಕು ಸಲ ಬರೆದು ಹರಿದಿದ್ದೇನೆ, ಇದು ಐದನೆಯದು. ಇದೂ ಸರಿಯಿಲ್ಲ ಅನ್ನಿಸಿದರೆ ಓದದೆ ಬಿಸಾಕಿಬಿಡಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. (ಮಾಡಿಕೊಳ್ಳುತ್ತೇನೆ. ಆದರೆ ಅದು ನಿಮಗೆ ಗೊತ್ತಾಗುವುದಿಲ್ಲವಲ್ಲ.)

ನಾನು ಕಾಲೇಜಿನ ಮೊದಲ ವರ್ಷದವಳು. ಆರು ವರ್ಷದವಳಿದ್ದಾಗಿನಿಂದ ಹಾಸ್ಟೆಲ್‌ಗಳಲ್ಲೇ ಬೆಳೆದದ್ದು. ಇಂಗ್ಲಿಷಿನಲ್ಲಿ ಪಾಠ, ಇಂಗ್ಲಿಷಿನಲ್ಲಿ ಬೈಗುಳ. ಹಾಗಾಗಿ ನನ್ನ ಬರವಣಿಗೆ ಅರ್ಧಂಬರ್ಧ, ತಪ್ಪಿದ್ದರೆ ತಿದ್ದಿಕೊಂಡು ಓದಿ. ನಿಮ್ಮ ವಿಳಾಸ ಕೊಟ್ಟವರು ನಮ್ಮ ಕಾಲೇಜು ನಾಟಕಕ್ಕೆ ವಿಗ್ ಬಾಡಿಗೆಗೆ ಕೊಡುವ ಅಂಗಡಿಯವರು. "ಅವರು ಫೋನ್ ಎತ್ತಲ್ಲ ಕಣಮ್ಮ. ಕಾಗದ ಹಾಕು, ಮೆಟ್ಟಿಲು ಹತ್ತಿ ಕೊಟ್ಟು ಬರ್ತೀನಿ" ಎಂದರು.

ನಮ್ಮ ಹಾಸ್ಟೆಲ್‌ನಲ್ಲಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸೀನಿಯರ್‌ಗಳು ಸಿನಿಮಾ ಹಾಕುತ್ತಾರೆ. ಈ ತಿಂಗಳು 'ಕೆಟ್ಟ ಸಿನಿಮಾಗಳ ತಿಂಗಳು'. (ಹೆಸರು ನಾನು ಇಟ್ಟದ್ದಲ್ಲ.) ಮೊನ್ನೆ ಹಾಕಿದ್ದು ನಿಮ್ಮ 'ಮಾಯಗಾರನ ಗರಗಸ'. ಜಾದೂಗಾರ ಹೆಂಗಸರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಸ್ಟೇಜಿನ ಮೇಲೆ ನಿಜವಾಗಿಯೇ ಕೊಯ್ಯುತ್ತಾನೆ, ಜನ ಅದನ್ನು ಟ್ರಿಕ್ ಎಂದುಕೊಂಡು ಚಪ್ಪಾಳೆ ತಟ್ಟುತ್ತಾರೆ. ಕಥೆ ನಿಮಗೆ ಗೊತ್ತೇ ಇದೆ, ಸಾರಿ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ರಕ್ತ ಮುಂದಿನ ಸಾಲಿನವರ ಮುಖಕ್ಕೆ ಪಿಚಕಾರಿ ಹೊಡೆದ ಹಾಗೆ ಬೀಳುತ್ತದೆ. ಕರುಳು ಹೊರಗೆ ಬಂದಾಗ ಹಿಂದಿನ ಬೆಂಚಿನವಳು, "ಏ, ಅದು ನಮ್ಮ ಮಾಲಿಯ ಪೈಪು ಕಣೇ" ಎಂದು ಕೂಗಿದಳು.

ಒಂದು ಗಂಟೆ ಹನ್ನೊಂದನೇ ನಿಮಿಷಕ್ಕೆ ಎಲ್ಲರೂ ಸುಮ್ಮನಾದೆವು. ಪೆಟ್ಟಿಗೆಯ ಒಂದು ತುದಿಯಲ್ಲಿ ಹೀರೋಯಿನ್ ತಲೆ, ಇನ್ನೊಂದು ತುದಿಯಲ್ಲಿ ಎರಡು ಕಾಲು. ಕ್ಯಾಮೆರಾ ನಿಧಾನಕ್ಕೆ ಕಾಲಿನ ಹತ್ತಿರ ಹೋಗಿ ಹಿಮ್ಮಡಿಯ ಗಾಯವನ್ನು ತೋರಿಸುತ್ತದೆ. ಅದೊಂದು ಮಾತ್ರ ಸುಳ್ಳಿನ ಹಾಗೆ ಕಾಣಲಿಲ್ಲ. "ಇದು ಮಾತ್ರ ಸೂಪರ್" ಎಂದು ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ಜಾದೂಗಾರ ಪೆಟ್ಟಿಗೆಯನ್ನು ಕೇಳುತ್ತಾನೆ, "ನೋವಾಗ್ತಿದೆಯಾ?" ಜನ "ಇಲ್ಲಾ" ಎನ್ನುತ್ತಾರೆ. ಆಗ ಎಡಗಾಲಿನ ಹೆಬ್ಬೆರಳು ಎರಡು ಸಲ ಮಡಿಚಿತು.

ನನ್ನ ಕೈ ಅಲ್ಲೇ ನಿಂತಿತು.

ಆ ಹೆಬ್ಬೆರಳಿನ ಮೇಲೆ ಪಕ್ಕದ ಬೆರಳು ಹತ್ತಿ ಕೂತಿದೆ. ಎಡಪಾದದ ಮೇಲೆ ಎಲೆಯ ಆಕಾರದ ಹಳೇ ಸುಟ್ಟ ಕಲೆ ಇದೆ. ಅದು ಹೀರೋಯಿನ್ ಕಾಲಲ್ಲ. ಅವಳು ಚಪ್ಪಲಿ ಹಾಕಿದ ಸೀನುಗಳನ್ನೆಲ್ಲ ನಿಲ್ಲಿಸಿ ನೋಡಿದೆ. ಟೈಟಲ್ಲಿನಲ್ಲಿ 'ರಕ್ತ, ಗಾಯ, ಕೈಕಾಲು: ಕೆಂಪಣ್ಣ' ಎಂದಿದೆ. ಆ ಕಾಲು ಯಾರದು? ನನಗೆ ಗೊತ್ತಿರುವವರದು ಅನ್ನಿಸುತ್ತದೆ. ತೊಂದರೆ ಕೊಟ್ಟದ್ದಕ್ಕೆ ಮತ್ತೆ ಸಾರಿ.

ಇಂತಿ,
ಒಬ್ಬ ವಿದ್ಯಾರ್ಥಿನಿ


ಆಗಸ್ಟ್ 19
ವಿಗ್ ಅಂಗಡಿ ಮಹಡಿ

ಕಾಲೇಜು ಹುಡುಗಿಯವರಿಗೆ,

ಕಾಗದ ತಲುಪಿತು. ಅಂಗಡಿಯವನು ಮೆಟ್ಟಿಲು ಹತ್ತುತ್ತಲೇ, "ಲವ್ ಲೆಟರ್ ಬಂದಿದೆ ಕೆಂಪಣ್ಣೋ, ಬೇಗ ಹಲ್ಲು ಕಟ್ಟಿಸ್ಕೋ" ಎಂದ. ನನಗೆ ಎಪ್ಪತ್ತೊಂದು. ಕಾಗದ ಬಂದು ಎಂಟು ವರ್ಷವಾಗಿತ್ತು, ಅದೂ ಕರೆಂಟಿನವರದು. ಆದ್ದರಿಂದ ನೀವು ಸಾರಿ ಕೇಳಬೇಕಾಗಿಲ್ಲ.

ಕೆಂಪಣ್ಣ ನನ್ನ ಹೆಸರಲ್ಲ. ಮೂವತ್ತು ವರ್ಷ ಮೊಣಕೈವರೆಗೆ ಕೆಂಪಾಗಿ ಓಡಾಡಿದವನನ್ನು ಜನ ಇನ್ನೇನೆಂದು ಕರೆದಾರು. ಬ್ಯಾಂಕಿನಲ್ಲಿ ನಿಜವಾದ ಹೆಸರು ಕೂಗಿದರೆ ನಾನೇ ತಿರುಗಿ ನೋಡುವುದಿಲ್ಲ.

ನಿಮ್ಮ ಹಿಂದಿನ ಬೆಂಚಿನವಳಿಗೆ ಹೇಳಿ, ಅದು ಮಾಲಿಯ ಪೈಪಲ್ಲ. ಸ್ಕೂಟರಿನ ಟ್ಯೂಬು, ಅದರ ಮೇಲೆ ಕಸಾಯಿ ಅಂಗಡಿಯಿಂದ ತಂದ ನಿಜವಾದ ಕರುಳು ಸುತ್ತಿದ್ದು. ಬಿಸಿಲಿಗೆ ಎರಡನೇ ದಿನಕ್ಕೇ ಸೆಟ್ಟೆಲ್ಲ ಗಬ್ಬು. ರಕ್ತ ಸಕ್ಕರೆ ಪಾಕದ್ದು: ತಿನ್ನುವ ಬಣ್ಣ, ಗೋಂದು, ಒಂದು ಚಿಟಿಕೆ ಕಾಫಿಪುಡಿ. ಕಾಫಿಪುಡಿ ಇಲ್ಲದಿದ್ದರೆ ಶರಬತ್ತಿನ ಹಾಗೆ ಕಾಣುತ್ತದೆ, ಅದು ನಾನೇ ಕಂಡುಹಿಡಿದದ್ದು. ದಿನಕ್ಕೆ ಎರಡು ಬಕೆಟ್. ಆ ಸಿನಿಮಾವನ್ನು ಮನಸಾರೆ ಮೆಚ್ಚಿಕೊಂಡವು ಇರುವೆಗಳು ಮಾತ್ರ. ಜಾದೂಗಾರನ ಪಾತ್ರ ಮಾಡಿದವನು ಒಳ್ಳೆಯವನು, ರಕ್ತ ಕಂಡರೆ ತಲೆ ಸುತ್ತುತ್ತಿತ್ತು. ಗರಗಸ ಹಿಡಿದು ಎರಡು ಸಲ ಬಿದ್ದ.

ಕಾಲಿನ ವಿಷಯ. ಅವು ರಬ್ಬರಿನವು. ಗಾರೆಯಲ್ಲಿ ಅಚ್ಚು ತೆಗೆದು ಅದಕ್ಕೆ ರಬ್ಬರ್ ಹಾಲು ಸುರಿದು ಮಾಡಿದವು. ಯಾರ ಕಾಲಿನ ಅಚ್ಚೋ, ಯಾವುದೋ ಮುಚ್ಚಿಹೋದ ನಾಟಕ ಕಂಪನಿಯಿಂದ ಕೊಂಡದ್ದು. ನನಗೆ ನೆನಪಿಲ್ಲ.

ಆ ಸಿನಿಮಾ ಮತ್ತೆ ನೋಡಬೇಡಿ. ಅದರಲ್ಲಿ ನೋಡುವಂಥದ್ದು ಏನೂ ಇಲ್ಲ. ಓದಿಕೊಳ್ಳಿ.

ಇಂತಿ,
ಕೆಂಪಣ್ಣ


ಆಗಸ್ಟ್ 27

ಕೆಂಪಣ್ಣನವರಿಗೆ,

ನಿಮ್ಮ ಕಾಗದ ನೋಡಿ ಬಹಳ ಖುಷಿಯಾಯಿತು. ಆಮೇಲೆ ಭಯವಾಯಿತು. ನೀವು ಸುಳ್ಳು ಹೇಳುತ್ತೀರಿ ಎನ್ನುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಆದರೆ ಆ ಕಾಲು ರಬ್ಬರಿನದಲ್ಲ.

ರಬ್ಬರ್ ಬೆರಳನ್ನೂ ಒಳಗಿನಿಂದ ದಾರ ಕಟ್ಟಿ ಮಡಿಸಬಹುದು, ಅದನ್ನೂ ಯೋಚಿಸಿದೆ. ಆದರೆ ಮಡಿಸಿದಾಗ ಉಗುರಿನ ಕೆಳಗೆ ಬಿಳುಚಿಕೊಳ್ಳುತ್ತದೆ, ಬಿಟ್ಟಾಗ ಮತ್ತೆ ಕೆಂಪಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಫ್ರೇಮ್ ತಳ್ಳಿ ನೋಡಿದೆ. ಇನ್ನೊಂದು ಮಾತು. ಕರುಳು, ರಕ್ತ, ಇರುವೆ, ಎಲ್ಲದರ ಬಗ್ಗೆ ಬರೆದಿದ್ದೀರಿ. ಎಲ್ಲರೂ ಚಪ್ಪಾಳೆ ತಟ್ಟಿದ ಹಿಮ್ಮಡಿಯ ಬಗ್ಗೆ ಒಂದು ಅಕ್ಷರ ಇಲ್ಲ. ಅದು ನಿಮ್ಮ ಬೆಸ್ಟ್ ಕೆಲಸ ಅಲ್ಲವೇ?

ಅದು ನನ್ನ ಅಮ್ಮನ ಕಾಲು.

ಮೊದಲೇ ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ನಾನು ಚಿಕ್ಕವಳಿದ್ದಾಗ ಮಂಚದಲ್ಲಿ ಅಮ್ಮನ ಕಾಲಿನ ಕಡೆ ತಲೆ ಇಟ್ಟು ಮಲಗುತ್ತಿದ್ದೆ. ಅಮ್ಮನ ಹೆಬ್ಬೆರಳು ನನ್ನ ಜೊತೆ ಮಾತಾಡುತ್ತಿತ್ತು. ಒಂದು ಸಲ ಮಡಿಚಿದರೆ ಹೌದು, ಎರಡು ಸಲ ಮಡಿಚಿದರೆ ಇಲ್ಲ. "ನಾಳೆ ಶಾಲೆ ಇದೆಯಾ?" ಒಂದು. "ಹೋಗಲೇಬೇಕಾ?" ಒಂದು. "ನಿಂಗೆ ನನ್ನ ಮೇಲೆ ಕೋಪನಾ?" ಎರಡು.

ನಾಲ್ಕೂವರೆ ವರ್ಷದವಳಿದ್ದಾಗ ಒಲೆಯಿಂದ ಇಳಿಸಿದ ಬಿಸಿನೀರಿನ ಪಾತ್ರೆಯನ್ನು ನಾನು ಅಮ್ಮನ ಕಾಲ ಮೇಲೆ ಕೆಡವಿದೆ. ಅಮ್ಮ ಕಿರುಚಲಿಲ್ಲ. ಚರ್ಮ ಎದ್ದು ಬಂದಿತ್ತು. ನಾನು ಅಳುತ್ತಾ "ನೋವಾಯ್ತಾ?" ಎಂದೆ. ಹೆಬ್ಬೆರಳು ಎರಡು ಸಲ ಮಡಿಚಿತು. ಆ ಕಲೆ ಅದೇ. ಅದಾಗಿ ಕೆಲವು ತಿಂಗಳಿಗೆ ಅಮ್ಮ ಹೋದಳು. ಅಪ್ಪ ನನಗೆ ಹೇಳಿದ್ದು ಒಂದೇ ಮಾತು: "ಅಮ್ಮ ಸಿನಿಮಾದವರ ಜೊತೆ ಹೋದಳು." ಅತ್ತೆ ಹೇಳಿದ್ದು: "ಅದು ಮನೇಲಿ ನಿಲ್ಲೋ ಕಾಲಲ್ಲ ಬಿಡು."

ಅಪ್ಪನನ್ನೇ ಕೇಳು ಎನ್ನುತ್ತೀರಿ. ನನ್ನ ಅಪ್ಪ ಸ್ಕೂಲ್ ಬಸ್ ಡ್ರೈವರ್. ಮಾತಿಗೆ ಬರ. ತಿಂಗಳಿಗೊಂದು ಶನಿವಾರ ಬಂದು ಹಾಸ್ಟೆಲ್ ಗೇಟಿನ ಕಲ್ಲುಬೆಂಚಿನ ಮೇಲೆ ನನ್ನನ್ನು ಕೂರಿಸಿ, ಶೂ ಬಿಚ್ಚಿಸಿ, ಎರಡೂ ಕಾಲು ತಿರುಗಿಸಿ ನೋಡುತ್ತಾರೆ. ಹಿಮ್ಮಡಿಯನ್ನು ಹೆಬ್ಬೆಟ್ಟಿನಿಂದ ಒತ್ತಿ, "ಗೊತ್ತಾಗುತ್ತಾ?" ಎನ್ನುತ್ತಾರೆ. ಗೊತ್ತಾಗುತ್ತೆ ಎಂದರೆ ಎದ್ದು ಹೋಗುತ್ತಾರೆ. ಆರನೇ ವಯಸ್ಸಿನಿಂದ ಇದೇ. ಹಾಸ್ಟೆಲ್‌ನಲ್ಲಿ ನನ್ನ ಹೆಸರು ಕುದುರೆ. ಅಪ್ಪ ಬಂದರೆ, "ಏ ಕುದುರೇ, ಲಾಳ ಕಟ್ಟೋರು ಬಂದ್ರು" ಎಂದು ಮೇಲಿನಿಂದ ಕೂಗುತ್ತಾರೆ. ಇಂಥ ಅಪ್ಪನ ಹತ್ತಿರ ಏನು ಕೇಳುವುದು.

ನನಗೆ ಬೇಕಾದದ್ದು ಎರಡೇ. ಅಮ್ಮ ಈಗ ಎಲ್ಲಿದ್ದಾಳೆ. ನಾನು ಸುಟ್ಟದ್ದಕ್ಕೇ ಹೋದಳೇ.

ಇಂತಿ,
ಅವಳ ಮಗಳು


ಸೆಪ್ಟೆಂಬರ್ 2
(ಕಾರ್ಡು)

ಮಗಳೇ,

ಕ್ಷೇಮ. ಬಸ್ಸಿನ ಕ್ಲಚ್ ಹೋಗಿ ಎರಡು ದಿನ ರಜ. ಅತ್ತೆಗೆ ಮಂಡಿನೋವು. ನೀನು ಕೇಳಿದ ಕ್ಯಾಲ್ಕ್ಯುಲೇಟರ್ ಶನಿವಾರ ತರುತ್ತೇನೆ. ಬರಿಗಾಲಲ್ಲಿ ಬಾತ್‌ರೂಮಿಗೆ ಹೋಗಬೇಡ.

ಕಾಲು ನೋಡಿಕೋ.

ಅಪ್ಪ


ಸೆಪ್ಟೆಂಬರ್ 21

ಮಗು,

ಇನ್ನು ನಿನ್ನನ್ನು 'ನೀವು' ಎನ್ನಲು ನನ್ನಿಂದಾಗದು. ಮೂರು ವಾರ ನಿನ್ನ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡಿದ್ದೆ. ಅಂಗಡಿಯವನು, "ಏನ್ ಕೆಂಪಣ್ಣ, ಹುಡುಗಿ ಕೈಕೊಟ್ಲಾ?" ಎಂದ. ಅವನಿಗೆ ಮೊದಲ ಸಲ ಬೈದೆ.

ನಿನ್ನ ಅಮ್ಮ ಇಲ್ಲ. ಹದಿಮೂರು ವರ್ಷವಾಯಿತು. ಅವಳು ನಿನ್ನನ್ನು ಬಿಟ್ಟು ಹೋದವಳಲ್ಲ. ಇಷ್ಟನ್ನು ಎರಡು ಸಲ ಓದು. ಮಿಕ್ಕದ್ದನ್ನು ಆಮೇಲೆ, ಯಾರಾದರೂ ಪಕ್ಕದಲ್ಲಿದ್ದಾಗ ಓದು.

ಪೆಟ್ಟಿಗೆಯಲ್ಲಿ ಹೆಂಗಸನ್ನು ಕೊಯ್ಯುವ ಆಟಕ್ಕೆ ಇಬ್ಬರು ಹೆಂಗಸರು ಬೇಕು. ತಲೆಯವಳು ಒಬ್ಬಳು, ಕಾಲಿನವಳು ಇನ್ನೊಬ್ಬಳು. ತಲೆಯವಳು ಕಾಲು ಮಡಚಿಕೊಂಡು ತನ್ನ ಅರ್ಧದಲ್ಲಿ ಇರುತ್ತಾಳೆ. ಕಾಲಿನವಳು ಇನ್ನೊಂದು ಅರ್ಧದಲ್ಲಿ ಮುದುರಿ ಕೂತು, ಎರಡು ತೂತಿನಿಂದ ಕಾಲು ಹೊರಗೆ ಹಾಕಿರುತ್ತಾಳೆ. ಜನ ತಲೆಯವಳಿಗೆ ಚಪ್ಪಾಳೆ ತಟ್ಟುತ್ತಾರೆ. ಕಾಲಿನವಳು ಒಳಗಿದ್ದಾಳೆ ಎಂಬುದು ಯಾರಿಗೂ ಗೊತ್ತಾಗಬಾರದು, ಅದೇ ಅವಳ ಕೆಲಸ. ನಮ್ಮ ಡೈರೆಕ್ಟರಿಗೆ ತಲೆ, ಕಾಲು, ಗರಗಸ ಮೂರೂ ಒಂದೇ ಶಾಟಿನಲ್ಲಿ ಬೇಕಿತ್ತು. ಆದ್ದರಿಂದ ಸ್ಟೇಜಿನ ಹಾಗೆಯೇ ಇಬ್ಬರು. ನಿನ್ನ ಅಮ್ಮ ಕಾಲಿನವಳು. ಹನ್ನೆರಡು ದಿನದ ಕೆಲಸ, ಮುಗಿಸಿಕೊಂಡು ಮನೆಗೆ ಹೋಗುವುದೆಂದು ಬಂದವಳು.

ಬೆಳಗ್ಗೆ ಏಳಕ್ಕೆ ಪೆಟ್ಟಿಗೆಯೊಳಗೆ ಹೋದರೆ ಸಂಜೆ ನಾಲ್ಕಕ್ಕೆ ಹೊರಗೆ. ತೂತಿನ ಅಂಚಿಗೆ ತಗಡು ಹೊಡೆದಿತ್ತು. ಒಳಗಿದ್ದವಳಿಗೆ ತನ್ನ ಕಾಲು ಕಾಣುವುದಿಲ್ಲ. ನಾನು ಬೆಳಗ್ಗೆ ಬಂದು ಬಣ್ಣ ಕಟ್ಟುತ್ತಿದ್ದೆ. ಆಮೇಲೆ ನನಗೆ ನೂರು ಕೆಲಸ. ದಿನವಿಡೀ ಬ್ರಷ್ಷು, ಬಟ್ಟಲು ಹಿಡಿದು ಮೇಜಿನ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಬಣ್ಣ ಸರಿಮಾಡಲು ಟಚಪ್‌ನವನು ಇದ್ದ. ಸಂಜೆ ಹೆಂಗಸರು ಲಾಡ್ಜಿಗೆ ಹೋಗಿ ಅವರವರೇ ತೊಳೆದುಕೊಳ್ಳುವುದು. ಗಂಡಸರು ಸೆಟ್ಟಿನಲ್ಲೇ ಮಲಗುವುದು.

ನಾಲ್ಕನೇ ದಿನ ಬಂದು ನೋಡಿದರೆ ಬಲಗಾಲ ಹಿಮ್ಮಡಿಯಲ್ಲಿ ಒಂದು ಗಾಯ. ನಾನು ಮಾಡಿದ್ದಲ್ಲ. ಟಚಪ್‌ನವನು ಮಾಡಿದ್ದಾನೆ, ಪರವಾಗಿಲ್ಲ, ಕೈ ಪಳಗಿದೆ ಎಂದುಕೊಂಡೆ. ಅವನು ನೋಡಿದ. ಗುರುವಿನ ಕೈ ಎಂದುಕೊಂಡ. ಕೇಳಬಹುದಿತ್ತಲ್ಲ ಎನ್ನುತ್ತೀ. ನಮ್ಮ ಕೆಲಸದಲ್ಲಿ ಗಾಯ ಯಾರದು ಎಂದು ಕೇಳುವುದಿಲ್ಲ ಮಗು. ಅವನು ಕೇಳಿದರೆ ನನ್ನ ಕೈಯನ್ನು ಗುರುತಿಸಲಿಲ್ಲ ಎಂದ ಹಾಗೆ. ನಾನು ಕೇಳಿದರೆ ಅವನಿಗೆ ಇಷ್ಟು ಬರುತ್ತದೆಂದು ನಂಬಲಿಲ್ಲ ಎಂದ ಹಾಗೆ.

ಇನ್ನೊಂದು ಕಟ್ಟಳೆ. ನಿನ್ನೆ ಇದ್ದ ಗಾಯ ಇವತ್ತೂ ಹಾಗೆಯೇ ಇರಬೇಕು, ಇಲ್ಲದಿದ್ದರೆ ಶಾಟು ಕೂಡುವುದಿಲ್ಲ. ಅವನು ಪ್ರತಿದಿನ ಅದರ ಅಂಚನ್ನು ತೆಳ್ಳಗಿನ ಬ್ರಷ್ಷಿನಲ್ಲಿ ತಿದ್ದಿದ. ಗೋಂದು ಹಚ್ಚಿದ, ಪಾಕ ಸುರಿದ. ಗಾಯ ದೊಡ್ಡದಾಗುತ್ತ ಹೋಯಿತು. ಕಥೆಗೆ ತಕ್ಕ ಹಾಗೆ ಗುರು ದಿನಾ ಸ್ವಲ್ಪ ಸ್ವಲ್ಪ ಏರಿಸುತ್ತಿದ್ದಾನೆ ಎಂದು ಅವನು. ಶಿಷ್ಯ ಏರಿಸುತ್ತಿದ್ದಾನೆ ಎಂದು ನಾನು. ವಾಸನೆ ಬರಲಿಲ್ಲವೇ ಎಂದರೆ, ಸೆಟ್ಟಿನಲ್ಲಿ ಆಗ ವಾಸನೆ ಬರದ ವಸ್ತುವೇ ಇರಲಿಲ್ಲ. ಲಾಡ್ಜಿನಲ್ಲಿ ತಲೆಯವಳು ಒಂದು ಸಂಜೆ, "ಏನೇ ಕುಂಟ್ತಿದೀಯ" ಎಂದಳಂತೆ. "ತಗಡು ತಾಗಿರ್ಬೇಕು ಕಣೇ. ನೋವಿಲ್ಲ" ಎಂದು ನಿನ್ನ ಅಮ್ಮ ಬಟ್ಟೆ ಸುತ್ತಿಕೊಂಡಳಂತೆ.

ಹತ್ತನೇ ದಿನ ಕಾಲು ನಡುಗುತ್ತಿತ್ತು. ಡೈರೆಕ್ಟರ್, "ಚೆನ್ನಾಗಿ ನಡುಗಿಸ್ತಿದಾಳೆ, ರೋಲ್ ಮಾಡಿ" ಎಂದ. ಅದು ಚಳಿಜ್ವರ. ಕ್ಲೋಸಪ್ ತೆಗೆದದ್ದು ಅವತ್ತು. ಶಾಟು ಮುಗಿದು ಪೆಟ್ಟಿಗೆ ತೆಗೆದರೆ ಅವಳಿಗೆ ಎದ್ದು ನಿಲ್ಲಲು ಆಗಲಿಲ್ಲ. ನಾನೇ ಸ್ಪಿರಿಟ್ ಬಟ್ಟೆ ತೆಗೆದುಕೊಂಡು ಹಿಮ್ಮಡಿ ಒರೆಸಿದೆ.

ಒರೆಸಿದೆ. ಹೋಗಲಿಲ್ಲ.

ಮೂವತ್ತು ವರ್ಷದಲ್ಲಿ ನಾನು ಮಾಡಿದ ಗಾಯ ಒಂದೂ ಒರೆಸಿದರೆ ಹೋಗದೆ ಉಳಿದದ್ದಿಲ್ಲ. ಮತ್ತೆ ಒರೆಸಿದೆ. ಟಚಪ್‌ನವನು ಹತ್ತಿರ ಬಂದು, "ಗುರುಗಳೇ, ಅದಕ್ಕೆ ಏನು ಹಾಕಿದ್ರಿ?" ಎಂದ. ನಾನು, "ನೀನಲ್ವೇನೋ ಮಾಡಿದ್ದು?" ಎಂದೆ.

ಆಸ್ಪತ್ರೆಯಲ್ಲಿ ಡಾಕ್ಟರು, "ಇಷ್ಟು ದಿನ ಏನ್ರೀ ಮಾಡ್ತಿದ್ರಿ?" ಎಂದರು. ನನ್ನ ಜೇಬಿನಲ್ಲಿ ಬ್ರಷ್ಷು ಇತ್ತು. ಸಕ್ಕರೆ ಕಾಯಿಲೆ, ಯಾವಾಗಿನಿಂದಲೋ ಇದೆ, ಪಾದದ ನರ ಸತ್ತು ವರ್ಷಗಳಾಗಿವೆ, ಸುಟ್ಟರೂ ಗೊತ್ತಾಗುತ್ತಿರಲಿಲ್ಲ ಎಂದರು. ಅವಳಿಗೇ ಗೊತ್ತಿರಲಿಲ್ಲ. ಕಾಲು ತೆಗೆಯಬೇಕು ಎಂದರು. ತೆಗೆಯುವಷ್ಟರಲ್ಲಿ ನಂಜು ಮೇಲೆ ಹೋಗಿತ್ತು. ಮೂರನೇ ದಿನ ಬೆಳಗ್ಗೆ ಹತ್ತು ಗಂಟೆಗೆ, ಮೂರನೇ ವಾರ್ಡಿನಲ್ಲಿ. ಕೊನೆಯವರೆಗೂ ಮಗುವಿನ ಮಾತೇ. "ಅದು ನನ್ನ ಕಾಲ ಹತ್ರ ಮಲಗಿ ಅಭ್ಯಾಸ. ಒಂದೇ ಮಲಗಲ್ಲ."

ಆ ಕ್ಲೋಸಪ್ ತೆಗೆದುಹಾಕಿ ಎಂದು ನಿರ್ಮಾಪಕನ ಕಾಲು ಹಿಡಿದೆ. "ಇಡೀ ಸಿನಿಮಾದಲ್ಲಿ ನೆಟ್ಟಗಿರೋದು ಅದೊಂದೇ" ಎಂದ.

ನಾನು ಆಮೇಲೆ ಒಂದು ಗಾಯವನ್ನೂ ಮಾಡಲಿಲ್ಲ. ವಿಗ್ ಬಾಚುತ್ತೇನೆ.

ಕೆಂಪಣ್ಣ


ಸೆಪ್ಟೆಂಬರ್ 25

ಕೆಂಪಣ್ಣ ಮಾಮ,

ಹೀಗೆ ಕರೆಯಬಹುದು ತಾನೇ. ನೀವು ಹೇಳಿದ ಹಾಗೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡೇ ಓದಿದೆ. ರೂಮ್‌ಮೇಟ್. ಅವತ್ತು "ಇದು ಮಾತ್ರ ಸೂಪರ್" ಎಂದವಳು ಅವಳೇ. ಅವಳು ನನಗಿಂತ ಹೆಚ್ಚು ಅತ್ತಳು. ನಾನೇ ನೀರು ತಂದುಕೊಟ್ಟೆ.

ಎರಡು ಪ್ರಶ್ನೆ. ಇದಾದ ಮೇಲೆ ತೊಂದರೆ ಕೊಡುವುದಿಲ್ಲ.

ಒಂದು. ಗಾಯ ಬಲಗಾಲು ಎಂದಿದ್ದೀರಿ. ಖಂಡಿತ ಬಲಗಾಲೇ? ನಾನು ಸುಟ್ಟದ್ದು ಎಡಗಾಲು. ಸಿನಿಮಾದಲ್ಲೂ ನೋಡಿದೆ, ಹಾಗೇ ಕಾಣುತ್ತದೆ. ಆದರೆ ಕೆಲವು ಸಲ ಪ್ರಿಂಟು ಉಲ್ಟಾ ಆಗಿರುತ್ತದೆ ಎಂದು ಯಾರೋ ಹೇಳಿದರು. ಅದು ಉಲ್ಟಾ ಅಲ್ಲ ಎಂದು ನೀವು ಬರೆದುಕೊಟ್ಟರೆ ಸಾಕು.

ಎರಡು. ಟಚಪ್‌ನವರು ಯಾರು? ಆ ಶಾಟಿನ ಕೆಳಗಿನ ಮೂಲೆಯಲ್ಲಿ ಮೊಣಕೈ ಒಂದು ಕಾಣುತ್ತದೆ. ನೀಲಿ ಚೌಕಳಿ ಶರ್ಟು. ಆ ಶರ್ಟಿನ ತುಂಡಿನಿಂದ ಅತ್ತೆ ನಮ್ಮ ಮನೆಯ ಹೊಲಿಗೆ ಮೆಷಿನ್ನಿಗೆ ಮುಸುಕು ಹೊಲಿದಿದ್ದಾರೆ. ಅದರ ಮೇಲಿನ ಕಲೆ ಎಷ್ಟು ತೊಳೆದರೂ ಹೋಗಿಲ್ಲ. ನನ್ನ ಅಪ್ಪ ಡ್ರೈವರ್. ಹಿಮ್ಮಡಿ ಒತ್ತಿ "ಗೊತ್ತಾಗುತ್ತಾ" ಎಂದು ಕೇಳಬೇಕೆಂದು ಡ್ರೈವರಿಗೆ ಯಾರು ಹೇಳಿಕೊಟ್ಟರು?

ನಿಮ್ಮ,
ಕುದುರೆ


ಅಕ್ಟೋಬರ್ 3

ಮಗು,

ಬಲಗಾಲು. ಪ್ರಿಂಟು ಉಲ್ಟಾ ಅಲ್ಲ. ತಗಡು ಕೊಯ್ದದ್ದು, ನಿನ್ನ ಬಿಸಿನೀರಲ್ಲ. ಇದನ್ನು ಬೇಕಾದರೆ ಛಾಪಾ ಕಾಗದದ ಮೇಲೆ ಬರೆದುಕೊಡುತ್ತೇನೆ.

ಎರಡನೆಯದಕ್ಕೆ ಉತ್ತರ ನಿನಗೆ ಗೊತ್ತಿದೆ. ಹೌದು. ನನ್ನ ಹತ್ತಿರ ಏಳು ವರ್ಷ ಕೆಲಸ ಕಲಿತವನು. ಕಾಲಿನವಳು ಸಿಗಲಿಲ್ಲ ಎಂದು ನಾನು ಗೋಳಾಡಿದಾಗ, "ನಮ್ಮವಳು ಬರ್ತಾಳೆ ಗುರುಗಳೇ, ಅವಳ ಕಾಲು ಚೆನ್ನಾಗಿದೆ" ಎಂದು ಕರೆದುಕೊಂಡು ಬಂದವನು ಅವನೇ.

ಆಸ್ಪತ್ರೆಯ ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ ಕೂತು ನನ್ನನ್ನು ಕೇಳಿದ, "ಮಗು ಕೇಳಿದ್ರೆ ಏನು ಹೇಳ್ಲಿ?" ನಾನು, "ತೀರಿಕೊಂಡ್ಳು ಅಂತ ಹೇಳೋ" ಎಂದೆ. "ಸತ್ತಳು ಅಂದ್ರೆ ಹೇಗೆ ಅಂತ ಕೇಳುತ್ತೆ ಗುರುಗಳೇ. ಹೋದಳು ಅಂದ್ರೆ ಯಾಕೆ ಅಂತ ಮಾತ್ರ ಕೇಳುತ್ತೆ. ಯಾಕೆ ಅನ್ನೋದಕ್ಕೆ ಗೊತ್ತಿಲ್ಲ ಅನ್ನಬಹುದು" ಎಂದ. ಅವನು ಬ್ರಷ್ಷುಗಳನ್ನು ನನ್ನ ಕೈಗೆ ಕೊಟ್ಟು ಹೋದ. ಮತ್ತೆ ಭೇಟಿಯಾಗಲಿಲ್ಲ. ಬಸ್ ಓಡಿಸುತ್ತಾನೆಂದು ನಿನ್ನಿಂದಲೇ ಗೊತ್ತಾದದ್ದು.

ಅವನನ್ನು ಬೈಯಬೇಕಾದರೆ ಮೊದಲು ನನ್ನನ್ನು ಬೈಯಿ. ಅವನು ಶಿಷ್ಯ. ಕಣ್ಣಿದ್ದವನು ನಾನು.

ನಿನ್ನ ಮಾಮ,
ಕೆಂಪಣ್ಣ


ಅಕ್ಟೋಬರ್ 14
(ಕಾರ್ಡು)

ಮಗಳೇ,

ಎರಡು ಭಾನುವಾರದಿಂದ ಕಾಗದ ಇಲ್ಲ. ಮೊನ್ನೆ ಶನಿವಾರ ಬಂದಿದ್ದೆ. ನಿನಗೆ ಹುಷಾರಿಲ್ಲ, ಕೆಳಗೆ ಬರುವುದಿಲ್ಲ ಎಂದು ವಾರ್ಡನ್ ಹೇಳಿದರು. ಜ್ವರವಾ? ಗೇಟಿನಲ್ಲಿ ಸಾಕ್ಸ್ ಕೊಟ್ಟು ಬಂದಿದ್ದೇನೆ. ಹತ್ತಿಯವು. ನೈಲಾನ್ ಹಾಕಬೇಡ.

ಕಾಲು ನೋಡಿಕೋ.

ಅಪ್ಪ


ಅಕ್ಟೋಬರ್ 20, ಭಾನುವಾರ

ಅಪ್ಪ,

ನನಗೆ ಹುಷಾರಿತ್ತು. ವಾರ್ಡನ್ ಹತ್ತಿರ ಸುಳ್ಳು ಹೇಳಿಸಿದೆ. ಎರಡನೇ ಮಹಡಿಯ ಕಿಟಕಿಯಿಂದ ನೋಡುತ್ತಿದ್ದೆ. ನೀವು ಕಲ್ಲುಬೆಂಚಿನ ಮೇಲೆ ಒಂದು ಗಂಟೆ ಕೂತಿರಿ, ಸಾಕ್ಸಿನ ಪೊಟ್ಟಣವನ್ನು ಮಂಡಿಯ ಮೇಲೆ ಇಟ್ಟುಕೊಂಡು. ಯಾರೋ "ಕುದುರೇ, ಲಾಳ" ಎಂದರು. ರೂಮ್‌ಮೇಟ್ ಅವಳನ್ನು ಹೊಡೆಯಲು ಹೋದಳು.

ಕೆಂಪಣ್ಣ ಮಾಮನ ಮೂರು ಕಾಗದ ಇದರ ಜೊತೆ ಇಟ್ಟಿದ್ದೇನೆ. ಓದಿ. ಓದಿದ ಮೇಲೆ ನನಗೇನು ಗೊತ್ತು ಎಂದು ನಿಮಗೆ ಗೊತ್ತಾಗುತ್ತದೆ. ಅದನ್ನೆಲ್ಲ ನಾನು ಮತ್ತೆ ಬರೆಯಲಾರೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಹೋದರೆ ಪೆನ್ನು ನಿಲ್ಲುತ್ತದೆ. ಸುಳ್ಳು ಬರೆಯಬಾರದಲ್ಲ. ಹದಿಮೂರು ವರ್ಷ ನಾನು ಸುಟ್ಟದ್ದಕ್ಕೇ ಅಮ್ಮ ಹೋದಳು ಎಂದುಕೊಂಡಿದ್ದೆ. ಯಾಕೆ ಎಂದು ನಾನು ನಿಮ್ಮನ್ನು ಕೇಳಲೇ ಇಲ್ಲ ಅಪ್ಪ. ಉತ್ತರ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಅದಕ್ಕೇ ಕೇಳಲಿಲ್ಲ. ಶಾಲೆಯಲ್ಲಿ ಬಿಸಿನೀರಿನ ಬಕೆಟ್ ಯಾರಾದರೂ ಹೊತ್ತು ತಂದರೆ ನಾನು ಗೋಡೆಗೆ ಒತ್ತಿ ನಿಲ್ಲುತ್ತಿದ್ದೆ. ಈಗಲೂ ನಿಲ್ಲುತ್ತೇನೆ. ಇದು ನಿಮಗೆ ಗೊತ್ತಿರಲಿ.

ಆದರೆ ನಿಮಗೆ ಗೊತ್ತಿಲ್ಲದ್ದು ಒಂದು ಇದೆ, ಅದು ಕೆಂಪಣ್ಣ ಮಾಮನಿಗೂ ನಾನು ಬರೆದ ಮೇಲೆಯೇ ಗೊತ್ತಾದದ್ದು. ಹೆಬ್ಬೆರಳು ಒಂದು ಸಲ ಮಡಿಚಿದರೆ ಹೌದು, ಎರಡು ಸಲ ಮಡಿಚಿದರೆ ಇಲ್ಲ. ಅದು ನನ್ನದೂ ಅಮ್ಮನದೂ ಆಟ, ನೀವು ಕೆಲಸದಿಂದ ಬರುವಷ್ಟರಲ್ಲಿ ನಾನು ಮಲಗಿರುತ್ತಿದ್ದೆ. ಬಿಸಿನೀರು ಬಿದ್ದಾಗ ನೋವಾಯ್ತಾ ಎಂದು ನಾನು ಕೇಳಿದೆ. ಎರಡು ಸಲ. ಸಿನಿಮಾದಲ್ಲಿ ಜಾದೂಗಾರ ಅದನ್ನೇ ಕೇಳುತ್ತಾನೆ. ಅಲ್ಲಿ ಕಾಲು ಒದ್ದಾಡಬೇಕಿತ್ತು. ಅವಳು ಒದ್ದಾಡಲಿಲ್ಲ. ಎರಡು ಸಲ ಮಡಿಚಿದಳು. ಇಡೀ ಜನ "ಇಲ್ಲಾ" ಎನ್ನುವುದು ನಾಟಕ. ಹೆಬ್ಬೆರಳು ಹೇಳಿದ್ದು ನಿಜ.

ನಾನು ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡೆ. ಅವಳಿಗೆ ನಿಜವಾಗಿಯೂ ನೋವಿರಲಿಲ್ಲ. ನಾನು ಅವಳ ಕಾಲ ಮೇಲೆ ತಲೆ ಇಟ್ಟು ಮಲಗಿದವಳು, ನನಗೇ ಗೊತ್ತಾಗಲಿಲ್ಲ. ಮೇಜಿನ ಕೆಳಗೆ ಕೂತವರಿಗೆ ಹೇಗೆ ಗೊತ್ತಾಗಬೇಕು. ಹೀಗೆ ಹಗಲೆಲ್ಲ ಅಂದುಕೊಳ್ಳುತ್ತೇನೆ. ಸಂಜೆಯಾದರೆ, ಗೊತ್ತಾಗಬೇಕಿತ್ತು ಅನ್ನಿಸುತ್ತದೆ. ಎರಡೂ ನಿಜ ಇರಬಹುದು.

ಒಂದು ಗಂಟೆ ಹನ್ನೊಂದನೇ ನಿಮಿಷದ ಆ ಫ್ರೇಮನ್ನು ಪ್ರಿಂಟ್ ತೆಗೆಸಿದ್ದೇನೆ. ಪ್ರಿಂಟ್ ಅಂಗಡಿಯವನು, "ಇದೇನ್ ಗಲೀಜು ಫೋಟೋನಮ್ಮ" ಎಂದ. ಹಿಮ್ಮಡಿ ಬರದ ಹಾಗೆ ಕತ್ತರಿಸಿದ ಮೇಲೆ ಉಳಿದದ್ದು ಎಡಗಾಲು, ಕೆಳಗಿನ ಮೂಲೆಯಲ್ಲಿ ನಿಮ್ಮ ಮೊಣಕೈ. ನೀವಿಬ್ಬರೂ ಒಟ್ಟಿಗಿರುವ ಚಿತ್ರ ನನ್ನ ಹತ್ತಿರ ಇದೊಂದೇ. ಪುಸ್ತಕದಲ್ಲಿ ಇಟ್ಟುಕೊಂಡಿದ್ದೇನೆ.

ಸಾಕ್ಸ್ ಸರಿಯಾಗಿದೆ. ಹಾಕಿಕೊಂಡೇ ಬರೆಯುತ್ತಿದ್ದೇನೆ. ರಕ್ತ ಪರೀಕ್ಷೆ ಮಾಡಿಸಿದೆ, ಸಕ್ಕರೆ ಇಲ್ಲ. ದಿನಾ ಹಿಮ್ಮಡಿಯನ್ನು ನಾನೇ ಒತ್ತಿ ನೋಡಿಕೊಳ್ಳುತ್ತೇನೆ. ಗೊತ್ತಾಗುತ್ತೆ ಅಪ್ಪ. ಚೆನ್ನಾಗಿ ಗೊತ್ತಾಗುತ್ತೆ.

ನವೆಂಬರ್ ಒಂಬತ್ತಕ್ಕೆ ರಜ ಶುರು. ಪ್ರತಿ ಸಲದ ಹಾಗೆ ಇಲ್ಲೇ ಉಳಿಯಬಹುದು. ಮನೆಗೂ ಬರಬಹುದು. ಬಂದರೆ ಅಮ್ಮ ಹೇಗೆ ಹೋದಳು ಎಂದು ನಿಮ್ಮ ಬಾಯಿಂದಲೇ ನಾನು ಒಂದು ಸಲ ಕೇಳಬೇಕು. ಪೂರ್ತಿ. ಬೇರೆಯವರ ಕಾಗದದಲ್ಲಿ ಓದಿದ್ದು ಸಾಲದು. ಅದು ನಿಮ್ಮಿಂದ ಆಗುವುದಾದರೆ ಬರುತ್ತೇನೆ.

ಇಂಥದ್ದನ್ನೆಲ್ಲ ನಿಮಗೆ ಕಾರ್ಡಿನಲ್ಲಿ ಬರೆಯಲು ಬರುವುದಿಲ್ಲ ಎಂದು ಗೊತ್ತು. ಕಾರ್ಡಿನ ಮೇಲೆ ಗೆರೆ ಎಳೆಯಿರಿ ಸಾಕು. ಬಾ ಎನ್ನುವುದಾದರೆ ಒಂದು, ಬೇಡ ಎನ್ನುವುದಾದರೆ ಎರಡು. ಒಂಬತ್ತಕ್ಕೆ ಮೊದಲು ನನಗೆ ಬಸ್ ಟಿಕೆಟ್ ಮಾಡಿಸಬೇಕು. ಬೇಗ ಉತ್ತರ ಹಾಕಿ.

ನಿಮ್ಮ ಮಗಳು